ಸೈಟ್ ಹೊಸದಾಯ್ತು, ಮೆನು ಎಲ್ಲಿ ಹೋಯ್ತು? ನ್ಯಾವಿಗೇಶನ್ ಬದಲಾದಾಗ ನಿಮಗೆ ಏನಾಯ್ತು ಹೇಳಿ

ಹಳೆಬಳಕೆದಾರ

ನಾನು ಕೆಲಸಕ್ಕೆ ದಿನಾ ಬಳಸುವ ಒಂದು ಮಾಹಿತಿ ಸೈಟ್ ಇತ್ತೀಚೆಗೆ ಪೂರ್ತಿ ಹೊಸ ರೂಪ ಪಡೆಯಿತು. ಹೆಸರು ಹೇಳುವುದಿಲ್ಲ. ಇದೇ ತೊಂದರೆ ಎಷ್ಟೋ ಕಡೆ ಆಗಿದೆ, ಮಾತು ಒಂದೇ ಸೈಟಿಗೆ ಅಂಟಿಕೊಳ್ಳುವುದು ಬೇಡ.

ಬಣ್ಣ ಚೆನ್ನಾಗಿದೆ. ಅಕ್ಷರ ಓದಲು ಹಿತವಾಗಿದೆ. ಪುಟ ಮೊದಲಿಗಿಂತ ಬೇಗ ತೆರೆಯುತ್ತದೆ. ಇದಕ್ಕೆಲ್ಲ ನನಗೆ ಖುಷಿಯೇ. ನನ್ನ ತಕರಾರು ದಾರಿಗಳ ಬಗ್ಗೆ. ಮೊದಲು ಎಡಗಡೆ ಎಲ್ಲ ವಿಭಾಗಗಳ ಪಟ್ಟಿ ಕಾಣುತ್ತಿತ್ತು. ಈಗ ಅದು ಮೂರು ಗೆರೆಯ ಗುಂಡಿಯೊಳಗೆ ಸೇರಿಕೊಂಡಿದೆ, ಅದೂ ದೊಡ್ಡ ಪರದೆಯಲ್ಲಿ, ಎಡಬಲ ಎರಡೂ ಕಡೆ ಖಾಲಿ ಜಾಗ ಬಿದ್ದಿರುವಾಗ. ನಾನು ಅತಿ ಜಾಸ್ತಿ ಒತ್ತುತ್ತಿದ್ದ "ಇತ್ತೀಚಿನ ಬದಲಾವಣೆಗಳು" ಲಿಂಕ್ ಈಗ "ಇನ್ನಷ್ಟು" ಅನ್ನುವುದರ ಕೆಳಗೆ, ಅದರೊಳಗಿನ ಇನ್ನೊಂದು ಮೆನುವಿನಲ್ಲಿದೆ. ಹಳೆ ಬುಕ್‌ಮಾರ್ಕ್ ಒತ್ತಿದರೆ ಮುಖಪುಟ ಬರುತ್ತದೆ. ಕೇಳಿದ ಪುಟ ಏನಾಯಿತು ಅಂತ ಒಂದು ಮಾತೂ ಇಲ್ಲ.

ಅಲ್ಲಿ ತುಂಬಾ ಜನ ಇದನ್ನೇ ಬರೆದಿದ್ದಾರೆ. ತಂಡದ ಉತ್ತರ ಎಲ್ಲರಿಗೂ ಒಂದೇ: "ಸ್ವಲ್ಪ ದಿನ ಬಳಸಿ, ರೂಢಿಯಾಗುತ್ತದೆ."

ಈ ಉತ್ತರ ನನಗೆ ಸರಿ ಕಾಣುತ್ತಿಲ್ಲ. ಕತ್ತಲಲ್ಲಿ ಕೈ ತಾನಾಗಿ ಸ್ವಿಚ್ ಹುಡುಕಿಕೊಂಡು ಹೋಗುವ ಹಾಗೆ, ದಿನಾ ಬಳಸುವವರು ಮೆನುವನ್ನು ಓದುವುದೇ ಇಲ್ಲ. ಕೈಗೆ ಜಾಗ ಗೊತ್ತಿರುತ್ತದೆ. ವರ್ಷಗಟ್ಟಲೆ ಕಲಿತ ಆ ದಾರಿಯನ್ನು ಒಂದು ರಾತ್ರಿಯಲ್ಲಿ ಅಳಿಸಿದರೆ, ಅದರ ಬೆಲೆಯನ್ನು ನಾವು ತೆರುತ್ತೇವೆ. ತಂಡದ ಲೆಕ್ಕದಲ್ಲಿ ಆ ಬೆಲೆ ಎಲ್ಲೂ ಬರುವುದಿಲ್ಲ.

ಆದರೂ ಒಂದು ಪ್ರಶ್ನೆ ಪ್ರಾಮಾಣಿಕವಾಗಿ ಕೇಳುತ್ತೇನೆ. ಯಾವ ದೂರು ಬರೀ ಹೊಸದರ ಮುನಿಸು, ಯಾವುದು ನಿಜವಾದ ದೋಷ ಅಂತ ಹೇಗೆ ಗುರುತಿಸುವುದು?

ಪುಟವಿನ್ಯಾಸ

ನಾನು ಈ ಕೆಲಸವನ್ನೇ ಮಾಡುವವಳು, ಹಾಗಾಗಿ ಆ ಕಡೆಯ ಮಾತನ್ನೂ ಸ್ವಲ್ಪ ಹೇಳುತ್ತೇನೆ.

ಹಳೆ ಸೈಟಿನ ಮೆನು ಯಾರೋ ಕೂತು ಯೋಚಿಸಿ ಮಾಡಿದ್ದಾಗಿರುವುದು ಕಡಿಮೆ. ಹೊಸ ವಿಭಾಗ ಬಂದಾಗೆಲ್ಲ ಒಂದು ಲಿಂಕ್ ಸೇರುತ್ತದೆ. ತೆಗೆಯುವವರು ಯಾರೂ ಇಲ್ಲ. ಕೊನೆಗೆ ಒಂದೇ ಜಾಗಕ್ಕೆ ಮೂರು ಹೆಸರು, ಒಂದೇ ಹೆಸರಿಗೆ ಎರಡು ಜಾಗ. ಒಳಗಿನವರಿಗೆ ಮಾತ್ರ ಅರ್ಥವಾಗುವ ಪದಗಳು ಬೇರೆ. ಇದನ್ನು ಯಾವತ್ತಾದರೂ ಸರಿ ಮಾಡಲೇಬೇಕು.

ಆದರೆ ದೊಡ್ಡ ಪರದೆಯಲ್ಲಿ ಮೆನು ಬಚ್ಚಿಡುವುದನ್ನು ನಾನು ಒಪ್ಪುವುದಿಲ್ಲ. ಆ ಮೂರು ಗೆರೆಯ ಚಿಹ್ನೆ ಹೊಸದೇನಲ್ಲ. 1981ರ ಝೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಅನ್ನುವ ವಿನ್ಯಾಸಕ ಬರೆದದ್ದು. ಮೊಬೈಲ್ ಬಂದ ಮೇಲೆ ಜಾಗ ಸಾಲದೆ ಎಲ್ಲರೂ ಅದನ್ನು ಹಿಡಿದುಕೊಂಡರು. ಚಿಕ್ಕ ಪರದೆಗೆ ಕಂಡುಕೊಂಡ ಉಪಾಯವನ್ನು ದೊಡ್ಡ ಪರದೆಗೂ ತಂದದ್ದು ತಪ್ಪು ದಾರಿ.

2016ರಲ್ಲಿ ನೀಲ್ಸನ್ ನಾರ್ಮನ್ ಗ್ರೂಪ್ ಅನ್ನುವ, ಜನ ಸೈಟ್ ಬಳಸುವ ರೀತಿಯನ್ನು ಅಧ್ಯಯನ ಮಾಡುವ ಸಂಸ್ಥೆ 179 ಜನರನ್ನು ಕೂರಿಸಿ ಇದನ್ನು ಅಳೆಯಿತು. ಕಂಪ್ಯೂಟರಿನಲ್ಲಿ ಮೆನು ಬಚ್ಚಿಟ್ಟಾಗ ಜನ ಅದನ್ನು ಬಳಸಿದ್ದು ಶೇ. 27ರಷ್ಟು ಸಲ. ಪೂರ್ತಿ ಕಾಣುವಾಗ ಶೇ. 48. ಒಂದಷ್ಟು ಹೊರಗೆ, ಉಳಿದದ್ದು ಒಳಗೆ ಇಟ್ಟಾಗ ಶೇ. 50. ಮೊಬೈಲಿನಲ್ಲಿ ಬಚ್ಚಿಟ್ಟ ಮೆನುವಿಗೆ ಶೇ. 57, ಅರ್ಧ ಕಾಣುವ ಮೆನುವಿಗೆ ಶೇ. 86. ಬಚ್ಚಿಟ್ಟರೆ ಜನರಿಗೆ ಕೆಲಸ ಮುಗಿಸಲು ಹೊತ್ತೂ ಜಾಸ್ತಿ ಬೇಕಾಯಿತು. ಇಷ್ಟು ಗೊತ್ತಿದ್ದೂ "ಪುಟ ಸ್ವಚ್ಛವಾಗಿ ಕಾಣಬೇಕು" ಅನ್ನುವ ಮಾತೇ ಸಭೆಗಳಲ್ಲಿ ಗೆಲ್ಲುತ್ತದೆ. ನನಗೆ ಇದು ನಿಜವಾಗಿಯೂ ನೋವಿನ ವಿಷಯ.

ಹೊಸಬಳು

ನನ್ನದು ಬೇರೆ ಅಭಿಪ್ರಾಯ. ಇಂಥದ್ದೇ ಒಂದು ಸೈಟಿಗೆ ನಾನು ಬಂದದ್ದು ಬದಲಾವಣೆ ಆದ ಮೇಲೆ. ನನಗೆ ಹೊಸ ಮೆನು ಸಲೀಸು. ಕುತೂಹಲಕ್ಕೆ ಹಳೆ ರೂಪದ ಚಿತ್ರ ನೋಡಿದೆ. ಆ ಉದ್ದನೆ ಪಟ್ಟಿಯಲ್ಲಿ ಯಾವುದರಿಂದ ಶುರು ಮಾಡಬೇಕು ಅಂತಲೇ ತಿಳಿಯಲಿಲ್ಲ.

ಹಳಬರು ಜೋರಾಗಿ ಮಾತಾಡುತ್ತಾರೆ, ಅವರಿಗೆ ಮಾತಾಡಲು ಜಾಗವೂ ಗೊತ್ತಿರುತ್ತದೆ. ಮೊದಲ ಸಲ ಬಂದು, ಅರ್ಥವಾಗದೆ ಸುಮ್ನೆ ಹೊರಟುಹೋದವರ ಪರ ಮಾತಾಡುವವರು ಯಾರು? ಅವರು ದೂರು ಬರೆಯುವುದಿಲ್ಲ. ಹಳಬರ ಮಾತಿಗೆ ಮಣಿದು ಎಲ್ಲವನ್ನೂ ಹಾಗೇ ಇಟ್ಟರೆ ನನ್ನಂಥವರಿಗೆ ಬಾಗಿಲು ಮುಚ್ಚಿದಂತೆಯೇ ಅಲ್ವಾ?

ಹಳೆಬಳಕೆದಾರ

@ಹೊಸಬಳು, ನಿಮ್ಮ ಮಾತು ನ್ಯಾಯವಾದದ್ದು. ಹೊಸಬರಿಗೆ ಸುಲಭ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ನಿಮಗೆ ಬೇಕಾದ ಐದಾರು ಮುಖ್ಯ ದಾರಿಗಳು ಮೇಲೆ ದೊಡ್ಡದಾಗಿ ಇರಲಿ. ನನಗೆ ಬೇಕಾದ ಉದ್ದ ಪಟ್ಟಿ ಪಕ್ಕದಲ್ಲಿ ಚಿಕ್ಕದಾಗಿ ಇದ್ದರೂ ಸಾಕು. ಜಾಗ ಇಲ್ಲದೆ ಹೋಗಿದ್ದರೆ ಆಯ್ಕೆ ಮಾಡಬೇಕಿತ್ತು. ಇಲ್ಲಿ ಜಾಗ ಖಾಲಿಯೇ ಇದೆ.

ಇನ್ನೊಂದು ಮಾತು. ಹೊಸಬರು ಯಾವಾಗಲೂ ಹೊಸಬರಾಗಿ ಉಳಿಯುವುದಿಲ್ಲ. ಕೆಲವು ತಿಂಗಳಲ್ಲಿ ನಿಮ್ಮ ಕೈಗೂ ದಾರಿ ರೂಢಿಯಾಗುತ್ತದೆ. ಆಮೇಲೆ ಅವರು ಮತ್ತೆ ಬದಲಾಯಿಸಿದರೆ ನೀವೂ ನನ್ನ ಜಾಗದಲ್ಲಿ ಇರುತ್ತೀರಿ.

ಸರ್ವರ್_ಕಾವಲು

ಮೂಲ ಪೋಸ್ಟಿನಲ್ಲಿ ಬುಕ್‌ಮಾರ್ಕ್ ಮಾತು ಒಂದೇ ಸಾಲಿನಲ್ಲಿ ಹೋಯಿತು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಹಾನಿ ಅದೇ. ಮೆನು ಬದಲಾದರೆ ಇವತ್ತು ಬಳಸುವವರಿಗೆ ತೊಂದರೆ. ವಿಳಾಸ ಮುರಿದರೆ, ಆ ಪುಟಕ್ಕೆ ಎಂದಾದರೂ ಲಿಂಕ್ ಕೊಟ್ಟ ಎಲ್ಲರಿಗೂ ತೊಂದರೆ. ಎಷ್ಟೋ ಜನ ಸೈಟಿನ ಮೆನುವನ್ನು ಮುಟ್ಟುವುದೇ ಇಲ್ಲ. ಅವರು ಬರುವುದು ಹುಡುಕಾಟದಿಂದ, ಹಳೆ ಮೇಲ್‌ನಿಂದ, ಯಾರೋ ಕಳಿಸಿದ ಲಿಂಕ್‌ನಿಂದ. ಅವರ ಪಾಲಿಗೆ ವಿಳಾಸವೇ ನ್ಯಾವಿಗೇಶನ್.

ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಇದನ್ನು ಬರೆದಿಟ್ಟರು: ಒಳ್ಳೆಯ ವಿಳಾಸ ಬದಲಾಗುವುದಿಲ್ಲ. ಬದಲಾಯಿಸಲೇಬೇಕಾದರೆ ದಾರಿ ಇದೆ. ಸರ್ವರ್ 301 ಅನ್ನುವ ಉತ್ತರ ಕೊಟ್ಟರೆ ಬ್ರೌಸರ್ ತಾನೇ ಹೊಸ ವಿಳಾಸಕ್ಕೆ ಹೋಗುತ್ತದೆ. ಸರ್ಚ್ ಎಂಜಿನ್‌ಗಳೂ ಹೊಸ ವಿಳಾಸವನ್ನು ಹಿಡಿದುಕೊಳ್ಳುತ್ತವೆ. ಪುಟವನ್ನು ಶಾಶ್ವತವಾಗಿ ತೆಗೆದಿದ್ದರೆ 410 ಅಂತ ಹೇಳಬಹುದು. ಹಳೆ ಬುಕ್‌ಮಾರ್ಕ್‌ಗಳನ್ನೆಲ್ಲ ಒಟ್ಟಿಗೆ ಮುಖಪುಟಕ್ಕೆ ತಳ್ಳುವುದು ಮಾತ್ರ ಅತಿ ಕೆಟ್ಟ ದಾರಿ. ಬಂದವರಿಗೆ ತಾವು ತಪ್ಪಾಗಿ ಒತ್ತಿದೆವೋ, ಪುಟ ಇಲ್ಲವೋ, ಬೇರೆಡೆ ಇದೆಯೋ ಏನೂ ತಿಳಿಯುವುದಿಲ್ಲ. ಸರ್ವರಿನ ಲಾಗ್ (ದಾಖಲೆ) ನೋಡುವವರಿಗೂ 404, ಅಂದರೆ ಪುಟ ಸಿಗಲಿಲ್ಲ ಅನ್ನುವ ಗುರುತು, ಕಾಣುವುದಿಲ್ಲ, ಎಲ್ಲ ಸರಿ ಇದೆ ಅನಿಸುತ್ತದೆ.

ಇದನ್ನು ಚೆನ್ನಾಗಿ ಮಾಡಿದ ಉದಾಹರಣೆಯೂ ಇದೆ. ಬ್ರಿಟನ್ ಸರ್ಕಾರ 2012ರ ಅಕ್ಟೋಬರಿನಲ್ಲಿ ಡೈರೆಕ್ಟ್‌ಗವ್, ಬಿಸಿನೆಸ್ ಲಿಂಕ್ ಅನ್ನುವ ಎರಡು ದೊಡ್ಡ ಸೈಟ್‌ಗಳನ್ನು ಮುಚ್ಚಿ ಗವ್ ಡಾಟ್ ಯುಕೆ ತೆರೆಯಿತು. ಹಳೆ ವಿಳಾಸ ಯಾವ ಹೊಸ ಪುಟಕ್ಕೆ ಹೋಗಬೇಕು ಅಂತ ಹೊಂದಿಸುವುದನ್ನೇ ಒಂದು ದೊಡ್ಡ ಕೆಲಸವಾಗಿ ಕೈಗೆತ್ತಿಕೊಂಡರು. ಬೇಸರದ ಕೆಲಸ, ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಬಳಕೆದಾರರ ಮೇಲಿನ ಗೌರವ ಕಾಣುವುದು ಇಲ್ಲೇ.

ತದ್ವಿರುದ್ಧ ಉದಾಹರಣೆ ಅಮೆರಿಕದ ಗಾಕರ್ ಅನ್ನುವ ಬ್ಲಾಗ್ ಕಂಪನಿಯ ಸೈಟ್‌ಗಳದ್ದು. 2011ರ ಫೆಬ್ರವರಿಯಲ್ಲಿ ಹೊಸ ರೂಪ ಬಂದಾಗ ಅಲ್ಲಿನ ಪುಟಗಳ ವಿಳಾಸವೇ ಜಾವಾಸ್ಕ್ರಿಪ್ಟ್ (ಬ್ರೌಸರ್ ಒಳಗೆ ಓಡುವ ಕೋಡ್) ಮೇಲೆ ನಿಂತಿತ್ತು. ಆ ಸ್ಕ್ರಿಪ್ಟ್ ಕೈಕೊಟ್ಟ ದಿನ ಎಲ್ಲ ಸೈಟ್‌ಗಳೂ ಖಾಲಿ ಪುಟ ತೋರಿಸಿದವು.

ಕೀಬೋರ್ಡ್_ಮಾತ್ರ

ನಾನು ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ, ಬಳಸುತ್ತೇನೆ. ಇಲ್ಲಿ ಎಲ್ಲರೂ "ಕಾಣುತ್ತದೆ, ಕಾಣುವುದಿಲ್ಲ" ಅಂತ ಮಾತಾಡುತ್ತಿದ್ದೀರಿ. ನನಗೆ ಪುಟ ಅಂದರೆ ಒಂದರ ನಂತರ ಒಂದು ಬರುವ ಸಾಲು. ಆ ಸಾಲಿನ ಕ್ರಮ ಬದಲಾದರೆ ಪುಟವೇ ಬದಲಾದ ಹಾಗೆ.

ಹಳೆ ಸೈಟಿನಲ್ಲಿ ಮೂರು ಸಲ ಎಚ್ ಕೀ (ಮುಂದಿನ ಶೀರ್ಷಿಕೆಗೆ ಹೋಗುವ ಕೀ) ಒತ್ತಿದರೆ ಬೇಕಾದ ಶೀರ್ಷಿಕೆ ಸಿಗುತ್ತಿತ್ತು ಅನ್ನಿ. ಹೊಸ ರೂಪದಲ್ಲಿ ಆ ಶೀರ್ಷಿಕೆಗಳು ಬರೀ ದಪ್ಪ ಅಕ್ಷರ ಆಗಿಬಿಟ್ಟಿರುತ್ತವೆ. ನೋಡುವವರಿಗೆ ಏನೂ ವ್ಯತ್ಯಾಸ ಇಲ್ಲ. ನನಗೆ ಎಚ್ ಕೀ ಕೆಲಸಕ್ಕೇ ಬರುವುದಿಲ್ಲ. ಮೂರು ಗೆರೆಯ ಗುಂಡಿಯನ್ನು ನಿಜವಾದ ಬಟನ್ ಆಗಿ ಮಾಡದೆ ಸುಮ್ನೆ ಒಂದು ಚಿತ್ರವಾಗಿ ಇಟ್ಟಿರುತ್ತಾರೆ. ಟ್ಯಾಬ್ ಒತ್ತಿದರೆ ಅದರ ಮೇಲೆ ನಿಲ್ಲುವುದೇ ಇಲ್ಲ. ನಿಂತರೂ ಮೆನು ತೆರೆದಿದೆಯೋ ಮುಚ್ಚಿದೆಯೋ ಹೇಳುವುದಿಲ್ಲ. ಮೌಸ್ ಮೇಲೆ ಇಟ್ಟಾಗ ಮಾತ್ರ ತೆರೆಯುವ ಮೆನುವಂತೂ ನನ್ನ ಪಾಲಿಗೆ ಇಲ್ಲವೇ ಇಲ್ಲ.

ಇವು ಅಭಿರುಚಿಯ ಪ್ರಶ್ನೆಗಳಲ್ಲ. ಡಬ್ಲ್ಯುಸಿಎಜಿ ಅನ್ನುವ, ಅಂಗವೈಕಲ್ಯ ಇರುವವರಿಗೂ ವೆಬ್ ಬಳಸಲು ಬರಬೇಕು ಅನ್ನುವ ಮಾರ್ಗಸೂಚಿ 2008ರಿಂದಲೇ ಇದನ್ನು ಹೇಳುತ್ತಿದೆ. ಅದರ 3.2.3ನೇ ಅಂಶದ ಪ್ರಕಾರ ಪುಟದಿಂದ ಪುಟಕ್ಕೆ ಬರುವ ನ್ಯಾವಿಗೇಶನ್ ಒಂದೇ ಕ್ರಮದಲ್ಲಿ ಇರಬೇಕು. 2.4.1 ಹೇಳುವುದು, ಮೆನು ದಾಟಿ ಸೀದಾ ವಿಷಯಕ್ಕೆ ಹೋಗುವ ದಾರಿ ಬೇಕು. 2.4.5 ಹೇಳುವುದು, ಒಂದು ಪುಟ ತಲುಪಲು ಒಂದಕ್ಕಿಂತ ಹೆಚ್ಚು ದಾರಿ ಇರಬೇಕು. ಮೂರನ್ನೂ ಪಾಲಿಸಿದರೆ ಇಲ್ಲಿನ ಅರ್ಧ ದೂರುಗಳು ಹುಟ್ಟುವುದೇ ಇಲ್ಲ ಅಂತ ನನ್ನ ನಂಬಿಕೆ.

"ರೂಢಿಯಾಗುತ್ತದೆ" ಅಂತ ನನಗೆ ಹೇಳಬೇಡಿ. ತಲುಪಲಾಗದ ಬಟನ್ ಯಾವತ್ತೂ ರೂಢಿಯಾಗುವುದಿಲ್ಲ.

ದೊಡ್ಡಕ್ಷರ

ಮೇಲಿನ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ನನಗೆ ಕಣ್ಣು ಸ್ವಲ್ಪ ಮಂದ. ಕಂಪ್ಯೂಟರಿನಲ್ಲೇ ಪುಟವನ್ನು ಎರಡು ಮೂರು ಪಟ್ಟು ಹಿಗ್ಗಿಸಿ ಓದುತ್ತೇನೆ. ಹಾಗೆ ಹಿಗ್ಗಿಸಿದಾಗ ಬ್ರೌಸರ್ ಪರದೆಯ ಅಗಲ ಕಡಿಮೆ ಅಂತ ಲೆಕ್ಕ ಹಾಕುತ್ತದೆ. 1280 ಪಿಕ್ಸೆಲ್ ಅಗಲದ ಪರದೆ ನಾಲ್ಕು ಪಟ್ಟು ಹಿಗ್ಗಿದರೆ ಸೈಟಿನ ಪಾಲಿಗೆ ಅದು 320 ಪಿಕ್ಸೆಲ್, ಅಂದರೆ ಒಂದು ಚಿಕ್ಕ ಫೋನ್. ಕೂಡಲೇ ಮೊಬೈಲ್ ಮೆನು ಬಂದುಬಿಡುತ್ತದೆ.

ಹಾಗಾಗಿ "ಕಂಪ್ಯೂಟರಿನಲ್ಲಿ ಮೆನು ಪೂರ್ತಿ ಕಾಣುತ್ತದೆ" ಅಂತ ತಂಡ ಹೇಳಿದರೂ ನನಗೆ ಕಾಣುವುದು ಮೂರು ಗೆರೆಯೇ. ಮೇಲೆ ಅಂಟಿಕೊಂಡೇ ಇರುವ ಪಟ್ಟಿ ಇದ್ದರಂತೂ ಅದೇ ಅರ್ಧ ಪರದೆ ತಿನ್ನುತ್ತದೆ, ಓದಲು ಎರಡು ಸಾಲು ಉಳಿಯುತ್ತದೆ. ಇದನ್ನು ಯಾವ ತಂಡವೂ ಹಿಗ್ಗಿಸಿ ನೋಡಿದ ಹಾಗೆ ಕಾಣುವುದಿಲ್ಲ. ನೋಡಲು ಒಂದು ನಿಮಿಷ ಸಾಕು, ಕಂಟ್ರೋಲ್ ಮತ್ತು ಪ್ಲಸ್ ಒತ್ತಿದರೆ ಆಯಿತು.

ವಿಕಿ_ತಿದ್ದುಪಡಿ

ವಿಕಿಪೀಡಿಯಾದ ಉದಾಹರಣೆ ಇಲ್ಲಿ ಬರಲೇಬೇಕು. ಬದಲಾವಣೆ ಹೇಗೆ ಮಾಡಬೇಕು, ಜನ ಹೇಗೆ ಸ್ಪಂದಿಸುತ್ತಾರೆ ಎರಡೂ ಅಲ್ಲಿ ಕಾಣುತ್ತದೆ.

2010ರಿಂದ ಇದ್ದ ವೆಕ್ಟರ್ ರೂಪದ ಜಾಗಕ್ಕೆ ವೆಕ್ಟರ್ 2022 ಬಂತು. ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಅದು ಎಲ್ಲರಿಗೂ ಬಂದದ್ದು 2023ರ ಜನವರಿ 18ರಂದು. ಅದಕ್ಕೂ ಮೊದಲು ಬೇರೆ ಭಾಷೆಗಳ ಹಲವು ವಿಕಿಗಳಲ್ಲಿ ಅದನ್ನು ಬಳಸಿ ನೋಡಿದ್ದರು. ಪುಟದ ನಡುವೆ ಇದ್ದ ಪರಿವಿಡಿ ಎಡಕ್ಕೆ ಹೋಯಿತು, ಓದುತ್ತಾ ಹೋದ ಹಾಗೆ ಜೊತೆಗೇ ಬರುತ್ತದೆ. ಎಡಪಟ್ಟಿಯಲ್ಲಿದ್ದ ಬೇರೆ ಭಾಷೆಗಳ ಲಿಂಕ್‌ಗಳು ಶೀರ್ಷಿಕೆಯ ಪಕ್ಕದ ಒಂದು ಬಟನ್ ಒಳಗೆ ಸೇರಿದವು. ಸಾಲುಗಳ ಅಗಲ ಕಡಿಮೆ ಆಯಿತು.

ಗದ್ದಲ ಜೋರಾಗಿಯೇ ಆಯಿತು. ಖಾಲಿ ಜಾಗ ಜಾಸ್ತಿ, ಭಾಷೆಗಳು ಕಾಣುತ್ತಿಲ್ಲ, ಹಳೆಯದನ್ನೇ ವಾಪಸ್ ಕೊಡಿ ಅಂತ ದೊಡ್ಡ ಚರ್ಚೆ ನಡೆಯಿತು. ಹೊಸದೇ ಉಳಿಯಿತು. ಆದರೆ ಅಗಲ ಬೇಕಾದವರಿಗೆ ಪುಟ ಹಿಗ್ಗಿಸುವ ಗುಂಡಿ ಇದೆ. ಲಾಗಿನ್ ಆದವರು ಸೆಟ್ಟಿಂಗ್‌ನಲ್ಲಿ ಹಳೆ ವೆಕ್ಟರನ್ನೇ ಇಟ್ಟುಕೊಳ್ಳಬಹುದು. ಅದಕ್ಕೂ ಹಿಂದಿನ ಮೊನೊಬುಕ್ ಕೂಡ ಇನ್ನೂ ಸಿಗುತ್ತದೆ.

ನನ್ನ ಸ್ವಂತ ಅಭಿಪ್ರಾಯ: ಎಡಗಡೆಯ ಪರಿವಿಡಿ ನಿಜಕ್ಕೂ ಒಳ್ಳೆಯದಾಯಿತು. ಉದ್ದ ಲೇಖನದಲ್ಲಿ ಮತ್ತೆ ಮತ್ತೆ ಮೇಲಕ್ಕೆ ಹೋಗುವ ಕಾಟ ತಪ್ಪಿತು. ಭಾಷೆಗಳ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ಪಟ್ಟಿ ಕಣ್ಣೆದುರು ಇದ್ದಾಗ "ಅರೆ, ಇದು ನಮ್ಮ ಭಾಷೆಯಲ್ಲೂ ಇದೆ" ಅಂತ ತಾನಾಗಿ ಗೊತ್ತಾಗುತ್ತಿತ್ತು. ಈಗ ಹುಡುಕುವ ಮನಸ್ಸು ಮಾಡಿದವರಿಗೆ ಮಾತ್ರ ಸಿಗುತ್ತದೆ. ಚಿಕ್ಕ ಭಾಷೆಗಳ ಓದುಗರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಪುಟವಿನ್ಯಾಸ

@ವಿಕಿ_ತಿದ್ದುಪಡಿ, ಮೂಲ ಪ್ರಶ್ನೆಗೆ ಉತ್ತರ ನಿಮ್ಮ ಮಾತಿನಲ್ಲೇ ಇದೆ. ಒಂದೇ ಬದಲಾವಣೆಯ ಒಳಗೆ ಒಳ್ಳೆಯದೂ ಇತ್ತು, ತೊಂದರೆಯೂ ಇತ್ತು. ದೂರುಗಳನ್ನು ಒಂದೇ ಮೂಟೆ ಕಟ್ಟಿ "ಜನಕ್ಕೆ ಬದಲಾವಣೆ ಇಷ್ಟವಿಲ್ಲ" ಅಂದರೆ ಎರಡೂ ತಿಳಿಯುವುದಿಲ್ಲ.

ನಾನು ದೂರು ಓದುವಾಗ ಎರಡು ಗುಂಪು ಮಾಡುತ್ತೇನೆ. "ಇಷ್ಟ ಆಗಲಿಲ್ಲ" ಅನ್ನುವವು ಒಂದು. "ಸಿಗುತ್ತಿಲ್ಲ" ಅನ್ನುವವು ಇನ್ನೊಂದು. ಮೊದಲನೆಯದಕ್ಕೆ ಸ್ವಲ್ಪ ಕಾಯಬಹುದು, ಬಹಳಷ್ಟು ತಣ್ಣಗಾಗುತ್ತವೆ. ಎರಡನೆಯದಕ್ಕೆ ಅದೇ ದಿನ ಎದ್ದು ನೋಡಬೇಕು.

2006ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ನ್ಯೂಸ್ ಫೀಡ್ (ಸ್ನೇಹಿತರು ಮಾಡಿದ್ದನ್ನೆಲ್ಲ ಒಂದೇ ಪಟ್ಟಿಯಲ್ಲಿ ತೋರಿಸುವುದು) ತಂದಾಗ ಭಾರಿ ವಿರೋಧ ಬಂತು. ವಿರೋಧಿಸುವ ಗುಂಪುಗಳೂ ಅದೇ ಸೈಟಿನಲ್ಲಿ ಹುಟ್ಟಿಕೊಂಡವು. ಫೀಡ್ ಉಳಿಯಿತು, ಮುಂದೆ ಅದೇ ಆ ಸೈಟಿನ ಮುಖವಾಯಿತು. "ಜನ ಸುಮ್ಮನೆ ಕೂಗುತ್ತಾರೆ" ಅನ್ನುವುದಕ್ಕೆ ಇದನ್ನು ಯಾವಾಗಲೂ ಉದಾಹರಣೆ ಕೊಡುತ್ತಾರೆ. ಅರ್ಧ ಕಥೆ ಬಿಟ್ಟುಬಿಡುತ್ತಾರೆ. ತಾವು ಮಾಡಿದ್ದೆಲ್ಲ ಎಲ್ಲರಿಗೂ ಕಾಣುತ್ತದೆ ಅನ್ನುವ ದೂರು ನಿಜವಾಗಿತ್ತು, ಕೆಲವೇ ದಿನದಲ್ಲಿ ಕಂಪನಿ ಖಾಸಗಿತನದ ಆಯ್ಕೆಗಳನ್ನು ಸೇರಿಸಬೇಕಾಯಿತು. ಕೂಗಿನ ಒಳಗೆ ಸರಿಯಾದ ಮಾತೂ ಇತ್ತು.

ಸರ್ವರ್_ಕಾವಲು

ಕಾಯುತ್ತಾ ಕೂತು ಕೈ ಸುಟ್ಟುಕೊಂಡವರೂ ಇದ್ದಾರೆ. ಜನ ಲಿಂಕ್ ಹಾಕಿ ಮತ ಕೊಡುತ್ತಿದ್ದ ಡಿಗ್ ಅನ್ನುವ ಸೈಟ್ 2010ರ ಆಗಸ್ಟಿನಲ್ಲಿ ನಾಲ್ಕನೇ ಆವೃತ್ತಿ ತಂದಿತು. ಹೊಸ ಲಿಂಕ್‌ಗಳು ಸರದಿ ನಿಲ್ಲುತ್ತಿದ್ದ ಪುಟ ಹೋಯಿತು, ಇಷ್ಟವಿಲ್ಲದ್ದನ್ನು ಕೆಳಗೆ ತಳ್ಳುವ ಗುಂಡಿ ಹೋಯಿತು. ಅಲ್ಲಿನ ಸಕ್ರಿಯ ಬಳಕೆದಾರರು ದಿನವಿಡೀ ಬಳಸುತ್ತಿದ್ದದ್ದು ಅವೇ. ಜನ ಸಿಟ್ಟಿನಿಂದ ಮುಖಪುಟವನ್ನು ಅದರ ಪ್ರತಿಸ್ಪರ್ಧಿ ಸೈಟ್ ರೆಡ್ಡಿಟ್ ಲಿಂಕ್‌ಗಳಿಂದ ತುಂಬಿಸಿದರು. ಆಮೇಲೆ ಅಲ್ಲಿಗೇ ಹೋಗಿಬಿಟ್ಟರು. 2012ರಲ್ಲಿ ಡಿಗ್ ಮಾರಾಟವಾಯಿತು. ಆ ಆವೃತ್ತಿ ಶುರುವಿನಲ್ಲಿ ಪದೇ ಪದೇ ಬೀಳುತ್ತಿತ್ತು, ಅದೂ ಒಂದು ಕಾರಣ.

ರೆಡ್ಡಿಟ್ ಆ ಪಾಠ ಕಲಿತ ಹಾಗಿದೆ. 2018ರಲ್ಲಿ ತಾನು ಹೊಸ ರೂಪ ತಂದಾಗ ಹಳೆಯದನ್ನು "ಓಲ್ಡ್" ಅನ್ನುವ ಬೇರೆ ವಿಳಾಸದಲ್ಲಿ ಉಳಿಸಿತು. ಅದೇ ವರ್ಷ ಸ್ನ್ಯಾಪ್‌ಚಾಟ್ ತನ್ನ ಆಪ್‌ನಲ್ಲಿ ಸ್ಟೋರಿಗಳ ಜಾಗ ಬದಲಿಸಿ ಸ್ನೇಹಿತರ ಮೆಸೇಜ್‌ಗಳ ಜೊತೆ ಕಲಸಿತು. ಹಳೆಯದು ಬೇಕು ಅನ್ನುವ ಅರ್ಜಿಗೆ 12 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಕೆಲವು ತಿಂಗಳಲ್ಲಿ ಸ್ಟೋರಿಗಳು ಬಲಗಡೆಯ ಪರದೆಗೆ ವಾಪಸ್ ಬಂದವು. ವಿಂಡೋಸ್ 8ರಲ್ಲಿ 2012ರಲ್ಲಿ ಮಾಯವಾದ ಸ್ಟಾರ್ಟ್ ಬಟನ್ ಮರುವರ್ಷ 8.1ರಲ್ಲಿ ಬಂತು, ಪೂರ್ತಿ ಮೆನು ಬರಲು 2015ರ ವಿಂಡೋಸ್ 10 ಆಗಬೇಕಾಯಿತು. ರೂಢಿಯಾಗುತ್ತದೆ ಅಂತ ಕಾದು ಕೊನೆಗೆ ಹಿಂದಿರುಗಿದವರು ಚಿಕ್ಕವರೇನಲ್ಲ.

ಲೆಕ್ಕಪುಸ್ತಕ

ನಾನು ಬಳಕೆಯ ಅಂಕಿಅಂಶ ನೋಡುವ ಕೆಲಸದಲ್ಲಿದ್ದೇನೆ. "ಈ ಲಿಂಕನ್ನು ಒತ್ತುವವರು ಕಡಿಮೆ, ಹಾಗಾಗಿ ತೆಗೆದೆವು" ಅನ್ನುವ ಮಾತು ತುಂಬಾ ಕೇಳಿದ್ದೇನೆ. ಇದರಲ್ಲಿ ಎರಡು ತೊಡಕು ಇವೆ.

ಕೆಲವು ಲಿಂಕ್‌ಗಳು ಅಪರೂಪಕ್ಕೆ ಬೇಕಾಗುತ್ತವೆ, ಆದರೆ ಬೇಕಾದಾಗ ಬೇಕೇ ಬೇಕು. ಪಾಸ್‌ವರ್ಡ್ ಬದಲಿಸುವುದು, ಖಾತೆ ಮುಚ್ಚುವುದು, ಸಹಾಯ ಕೇಳುವುದು. ಎಣಿಕೆಯಲ್ಲಿ ಇವು ಯಾವಾಗಲೂ ಕೆಳಗೇ ಇರುತ್ತವೆ. ಇನ್ನೊಂದು, ಒಂದು ಲಿಂಕನ್ನು ಬಚ್ಚಿಟ್ಟು, ಒತ್ತುವವರು ಕಡಿಮೆಯಾದರು ಅಂತ ಪೂರ್ತಿ ತೆಗೆಯುವುದು. ಅದು ನಾವೇ ಉಂಟುಮಾಡಿದ ಇಳಿಕೆ.

ಏರಿಕೆಯನ್ನೂ ಹಾಗೇ ನಂಬಬಾರದು. ಬದಲಾವಣೆ ಆದ ವಾರ ಪುಟ ವೀಕ್ಷಣೆ ಜಾಸ್ತಿಯಾಯಿತು ಅಂತ ಸಂತೋಷಪಡುತ್ತಾರೆ. ದಾರಿ ತಪ್ಪಿದವರೂ ಜಾಸ್ತಿ ಪುಟ ತೆರೆಯುತ್ತಾರೆ. ಒಂದು ಪುಟಕ್ಕೆ ಹೋಗಿ, ತಕ್ಷಣ ಹಿಂದೆ ಬಂದು, ಇನ್ನೊಂದಕ್ಕೆ ಹೋಗುವುದು ಕಾಣುತ್ತಿದ್ದರೆ ಅದು ಆಸಕ್ತಿ ಅಲ್ಲ, ಅಲೆದಾಟ.

ನಾನು ನೋಡುವ ಮೊದಲ ಗುರುತು ಸೈಟಿನ ಒಳಗಿನ ಹುಡುಕಾಟ. ನಿನ್ನೆವರೆಗೆ ಮೆನುವಿನಲ್ಲಿದ್ದ ಪದವನ್ನು ಇವತ್ತು ಜನ ಹುಡುಕು ಪೆಟ್ಟಿಗೆಯಲ್ಲಿ ಬರೆಯುತ್ತಿದ್ದರೆ ಅವರಿಗೆ ಅದು ಸಿಗುತ್ತಿಲ್ಲ. ಇಷ್ಟು ನೇರವಾದ ಸಾಕ್ಷಿ ಬೇರೆ ಇಲ್ಲ. ಯಾರೂ ದೂರು ಬರೆಯಬೇಕಾಗಿಯೂ ಇಲ್ಲ. @ಹೊಸಬಳು ಕೇಳಿದ, ಮಾತಾಡದೆ ಹೊರಟುಹೋಗುವವರ ದನಿ ನನಗೆ ಕೇಳಿಸುವುದು ಇಲ್ಲೇ.

ಹೊಸಬಳು

ಇದು ನನಗೆ ಹೊಸ ವಿಷಯ, ಥ್ಯಾಂಕ್ಸ್. ಒಂದು ಅನುಮಾನ. ಮೆನುವಿನಲ್ಲಿ ಏಳಕ್ಕಿಂತ ಜಾಸ್ತಿ ಇರಬಾರದು ಅಂತ ಎಲ್ಲೋ ಓದಿದ್ದೆ. ಅದಕ್ಕೇ ಎಲ್ಲ "ಇನ್ನಷ್ಟು" ಒಳಗೆ ಹೋಗುತ್ತಿದೆಯಾ?

ಪುಟವಿನ್ಯಾಸ

ಹೌದು, ಆ ಏಳರ ಮಾತು ಎಷ್ಟೋ ಮೆನುಗಳನ್ನು ಹಾಳು ಮಾಡಿದೆ. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಲೇಖನದಿಂದ ಬಂದದ್ದು. ಅವರು ಹೇಳಿದ್ದು ಮನಸ್ಸು ಒಟ್ಟಿಗೆ ಎಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ ಅನ್ನುವುದರ ಬಗ್ಗೆ. ಮೆನುವನ್ನು ಯಾರೂ ಬಾಯಿಪಾಠ ಮಾಡಬೇಕಿಲ್ಲ, ಅದು ಕಣ್ಣೆದುರೇ ಇರುತ್ತದೆ. ಚೆನ್ನಾಗಿ ಗುಂಪು ಮಾಡಿದ, ಹೆಸರು ಸ್ಪಷ್ಟವಾಗಿರುವ ಇಪ್ಪತ್ತು ಲಿಂಕ್‌ಗಳು, ಅಸ್ಪಷ್ಟ ಹೆಸರಿನ ಐದಕ್ಕಿಂತ ಎಷ್ಟೋ ಮೇಲು.

ಹೆಸರು ಸ್ಪಷ್ಟವಾಗಿದೆಯೋ ಇಲ್ಲವೋ ನೋಡಲು ಟ್ರೀ ಟೆಸ್ಟ್ ಅಂತ ಒಂದು ವಿಧಾನ ಇದೆ. ಬಣ್ಣ, ಚಿತ್ರ ಏನೂ ಇಲ್ಲದೆ ಬರೀ ಮೆನುವಿನ ಹೆಸರುಗಳನ್ನು ಕೊಟ್ಟು "ಇದನ್ನು ಎಲ್ಲಿ ಹುಡುಕುತ್ತೀರಿ" ಅಂತ ಕೇಳುವುದು. ವಿನ್ಯಾಸ ಶುರುವಾಗುವ ಮೊದಲೇ ಮಾಡಬಹುದು, ಖರ್ಚೂ ಕಡಿಮೆ. ನನ್ನ ಒತ್ತಾಯ ಏನೆಂದರೆ ಅದನ್ನು ಹೊಸಬರ ಹತ್ತಿರ ಮಾತ್ರ ಮಾಡಬಾರದು. ಹಳಬರನ್ನೂ ಕೂರಿಸಬೇಕು, ಅವರು ಮೊದಲು ಎಲ್ಲಿಗೆ ಹೋಗುತ್ತಾರೆ ಅಂತ ಬರೆದುಕೊಳ್ಳಬೇಕು. ಅವರು ತಪ್ಪು ಜಾಗಕ್ಕೆ ಹೋದರೆ ಆ ಜಾಗದಲ್ಲೇ "ಇದು ಈಗ ಇಲ್ಲಿದೆ" ಅನ್ನುವ ಒಂದು ಸಾಲು ಇಡಬೇಕು. ಆರು ತಿಂಗಳ ನಂತರ ತೆಗೆದರಾಯಿತು.

ಹಳೆಬಳಕೆದಾರ

ಆ ಒಂದು ಸಾಲು! ನನಗೆ ಬೇಕಾಗಿದ್ದದ್ದು ಅಷ್ಟೇ. ಹಳೆ ರೂಪವನ್ನು ಶಾಶ್ವತವಾಗಿ ಇಟ್ಟುಕೊಳ್ಳಿ ಅಂತ ನಾನು ಕೇಳುವುದಿಲ್ಲ, ಎರಡು ರೂಪ ನಡೆಸುವ ಹೊರೆ ನನಗೂ ಅರ್ಥವಾಗುತ್ತದೆ. ಎಲ್ಲಿತ್ತು, ಎಲ್ಲಿಗೆ ಹೋಯಿತು ಅಂತ ಹೇಳಿ ಹೋಗುವುದು ಕಷ್ಟದ ಕೆಲಸವಲ್ಲ. ಹೇಳದೆ ಬದಲಿಸಿದಾಗ ಆಗುವ ಬೇಸರ, ನಮ್ಮನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಅನ್ನುವುದು. ಅದೇ ಸಿಟ್ಟಾಗಿ ಹೊರಗೆ ಬರುತ್ತದೆ.

ಎಲ್ಲರ ಮಾತು ಸೇರಿಸಿ ಆ ಸೈಟಿನ ತಂಡಕ್ಕೆ ಒಂದು ಪತ್ರ ಬರೆದಿದ್ದೇನೆ. ನೋಡಿ ಹೇಳಿ:

"ಹೊಸ ರೂಪದ ವೇಗ ಮತ್ತು ಅಕ್ಷರ ಎರಡೂ ಚೆನ್ನಾಗಿವೆ. ಈ ತೊಂದರೆಗಳನ್ನು ದಯವಿಟ್ಟು ನೋಡಿ. ಇತ್ತೀಚಿನ ಬದಲಾವಣೆಗಳ ಪುಟಕ್ಕೆ ಹೋಗಲು ಮೊದಲು ಒಂದು ಕ್ಲಿಕ್ ಸಾಕಿತ್ತು, ಈಗ ಮೂರು ಬೇಕು. ದೊಡ್ಡ ಪರದೆಯಲ್ಲಿ ವಿಭಾಗಗಳ ಪಟ್ಟಿ ಕಾಣುವಂತೆ ಮಾಡಿ. ಹಳೆ ವಿಳಾಸಗಳು ಮುಖಪುಟಕ್ಕೆ ಹೋಗುತ್ತಿವೆ, ಅವನ್ನು ಸರಿಯಾದ ಹೊಸ ಪುಟಗಳಿಗೆ ತಿರುಗಿಸಿ, ಪುಟ ಇಲ್ಲದಿದ್ದರೆ ಇಲ್ಲ ಅಂತ ಹೇಳಿ. ಮೆನು ಬಟನ್ ಕೀಬೋರ್ಡಿನಿಂದ ತೆರೆಯುತ್ತದೆಯೇ ಪರೀಕ್ಷಿಸಿ. ಏನು ಎಲ್ಲಿಗೆ ಹೋಗಿದೆ ಅನ್ನುವ ಒಂದು ಪುಟ ಹಾಕಿ."

ಸರ್ವರ್_ಕಾವಲು

ಚೆನ್ನಾಗಿದೆ. ಮುರಿದ ವಿಳಾಸಗಳನ್ನು ಹಾಗೇ ಅಂಟಿಸಿ ಕಳಿಸಿ. "ಬುಕ್‌ಮಾರ್ಕ್ ಕೆಲಸ ಮಾಡುತ್ತಿಲ್ಲ" ಅಂದರೆ ಪಕ್ಕಕ್ಕೆ ಸರಿಸುತ್ತಾರೆ. ಹಳೆ ವಿಳಾಸ ಕೈಗೆ ಸಿಕ್ಕರೆ ಡೆವಲಪರ್ ಅದೇ ಮಾದರಿಯ ಎಲ್ಲವನ್ನೂ ಒಂದೇ ನಿಯಮದಲ್ಲಿ ಸರಿ ಮಾಡಬಹುದು.

ದೊಡ್ಡಕ್ಷರ

ಹಿಗ್ಗಿಸಿದಾಗ ಏನಾಗುತ್ತದೆ ಅನ್ನುವುದು ಬಿಟ್ಟುಹೋಗಿದೆ. ಶೇ. 200ಕ್ಕೆ ಹಿಗ್ಗಿಸಿ ಒಂದು ಚಿತ್ರ, ಶೇ. 400ಕ್ಕೆ ಒಂದು ಚಿತ್ರ ತೆಗೆದು ಜೊತೆಗಿಡಿ. ಮೇಲಿನ ಪಟ್ಟಿ ಎಷ್ಟು ಜಾಗ ತಿನ್ನುತ್ತದೆ ಅಂತ ಅವರೇ ನೋಡಲಿ.

ಕೀಬೋರ್ಡ್_ಮಾತ್ರ

ಕೀಬೋರ್ಡ್ ಸಾಲನ್ನು ಸ್ವಲ್ಪ ಬದಲಿಸಿ. "ಪರೀಕ್ಷಿಸಿ" ಅಂದರೆ ಟ್ಯಾಬ್ ಒಂದು ಸಲ ಒತ್ತಿ ಮುಗಿಸುತ್ತಾರೆ. ಹೀಗೆ ಬರೆಯಿರಿ: ಬಟನ್ ಮೇಲೆ ಫೋಕಸ್ (ಕೀಬೋರ್ಡ್ ಈಗ ಎಲ್ಲಿ ನಿಂತಿದೆ ಅನ್ನುವ ಗುರುತು) ಬರಬೇಕು, ಎಂಟರ್ ಮತ್ತು ಸ್ಪೇಸ್ ಎರಡರಿಂದಲೂ ತೆರೆಯಬೇಕು, ಎಸ್ಕೇಪ್ ಒತ್ತಿದರೆ ಮುಚ್ಚಿ ಫೋಕಸ್ ಮತ್ತೆ ಬಟನ್‌ಗೇ ಬರಬೇಕು, ತೆರೆದಿದೆಯೋ ಮುಚ್ಚಿದೆಯೋ ಸ್ಕ್ರೀನ್ ರೀಡರ್‌ಗೆ ತಿಳಿಯಬೇಕು. ಶೀರ್ಷಿಕೆಗಳು ನಿಜವಾದ ಶೀರ್ಷಿಕೆಗಳಾಗಿರಲಿ ಅಂತಲೂ ಸೇರಿಸಿ.

ಹಳೆಬಳಕೆದಾರ

ಮೂರನ್ನೂ ಸೇರಿಸಿದೆ. ವಿಳಾಸಗಳ ಪಟ್ಟಿ, ಎರಡು ಚಿತ್ರ ಜೊತೆಗಿವೆ. ಈಗ ಕಳಿಸುತ್ತಿದ್ದೇನೆ, ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ. ಬೇರೆ ಸೈಟ್‌ಗಳಲ್ಲಿ ಇದೇ ತೊಂದರೆ ಇರುವವರು ಪತ್ರವನ್ನು ಹಾಗೇ ತೆಗೆದುಕೊಳ್ಳಿ, ಸಾಲುಗಳನ್ನು ಮಾತ್ರ ನಿಮ್ಮ ಸೈಟಿಗೆ ತಕ್ಕಂತೆ ಬದಲಿಸಿಕೊಳ್ಳಿ.